ಕೊಡ ಹೊತ್ತವರು ರಂಗಕ್ಕೆ ಬಂದದ್ದು

ಲಿಂಗತ್ವ ಅಲ್ಪಸಂಖ್ಯಾತರ ಸಮಾನ ಹಕ್ಕಿನ ಬಗ್ಗೆ ಬರೆದುಕೊಡಿ ಎಂದು ಸಮಿತಿಯವರು ಕೇಳಿದಾಗ, ಕೋರ್ಟಿನ ತೀರ್ಪುಗಳಿಗಿಂತ ಮೊದಲು ನನಗೆ ನೆನಪಾದವರು ಜೋಗತಿ ಕುಣಿತದ ಕಲಾವಿದೆ ಕಾಳವ್ವ ಜೋಗತಿ. ಹೊಸಪೇಟೆ, ಸಂಡೂರು, ಕಂಪ್ಲಿ ಸೀಮೆಗೆ ಜೋಗಪ್ಪಗಳು, ಅಂದರೆ ಗಂಡಾಗಿ ಹುಟ್ಟಿ ಯಲ್ಲಮ್ಮನ ಹೆಸರಿನಲ್ಲಿ ಹೆಣ್ಣುಡುಗೆ ತೊಟ್ಟವರು, ಹೊಸಬರಲ್ಲ. ಓಣಿಯಲ್ಲಿ ಅವರ ಚೌಡಿಕೆ ವಾದ್ಯದ ಸದ್ದು ಕೇಳಿದರೆ ಸಾಕು, ‘ಅಮ್ಮ ಬಂದಾಳ, ಜ್ವಾಳ ನೀಡ್ರೇ’ ಎಂದು ನಮ್ಮವ್ವ ಮೊರ ಹಿಡಿಯುತ್ತಿದ್ದಳು. ಅಮ್ಮನ ಬುಟ್ಟಿಯಾದ ಪಡ್ಲಿಗೆಗೆ ಕೈಮುಗಿದ ಊರೇ ಅದನ್ನು ಹೊತ್ತವರಿಗೆ ಬಾಡಿಗೆ ಮನೆ ಕೊಡಲು ಹಿಂದೆಮುಂದೆ ನೋಡುತ್ತಿತ್ತು.

ಕಾಳವ್ವನ ಮಾತು ಅವರ ಮೇಳದ ಮಂಜಮ್ಮ ಜೋಗತಿಯಿಂದಲೇ ಶುರುವಾಗಬೇಕು. ಬಳ್ಳಾರಿ ಸೀಮೆಯ ಕಲ್ಲುಕಂಬದ ಮಂಜುನಾಥ ಶೆಟ್ಟಿ ಎಂಬ ಹುಡುಗನನ್ನು ಹೆತ್ತವರು 1975ರಲ್ಲಿ ಹುಲಿಗಿಯ ಹುಲಿಗೆಮ್ಮನ ಗುಡಿಗೆ ಕರೆತಂದರು. ಉಡದಾರ ಹರಿದು, ಲಂಗ ಕುಪ್ಪಸ ತೊಡಿಸಿ, ಬಳೆ ಇಟ್ಟು, ದೇವಿಗೆ ಒಪ್ಪಿಸುವ ಮುತ್ತು ಕಟ್ಟಿದರು. ಅಂದಿನಿಂದ ಮಂಜಮ್ಮ. ಆಮೇಲಿನದು ಭಿಕ್ಷೆ, ಅವಮಾನ, ಹಸಿವು. ದಾವಣಗೆರೆ ಕಡೆ ಮಟ್ಟಿಕಲ್ ಬಸಪ್ಪನವರಿಂದ ಜೋಗತಿ ಕುಣಿತ ಕಲಿತರು. ಮುಂದೆ ಕಾಳವ್ವನ ಮೇಳ ಸೇರಿದರು.

ಕಾಳವ್ವನ ದೊಡ್ಡತನ ಇಲ್ಲೇ ಇದೆ. ಮನೆಬಾಗಿಲ ಕುಣಿತವನ್ನು ಅವರು ಮೇಳವಾಗಿ ಕಟ್ಟಿದರು, ಯಲ್ಲಮ್ಮನಾಟದ ರಂಗಕ್ಕೆ ತಂದರು. ನೆತ್ತಿಯ ಮೇಲೆ ಸಿಂಬಿ, ಅದರ ಮೇಲೆ ಅಮ್ಮನ ಮುಖದ ಕೊಡ. ಕೈ ಹಚ್ಚುವಂತಿಲ್ಲ, ನೋಟ ಕದಲುವಂತಿಲ್ಲ. ಸೊಂಟ, ಮೊಣಕಾಲು ಮಾತ್ರ ತಾಳಕ್ಕೆ ಬಾಗಬೇಕು. ಅದನ್ನು ನೋಡಿದವರು ಕಾಸು ಎಸೆಯುವುದು ಬಿಟ್ಟು ಚಪ್ಪಾಳೆ ತಟ್ಟಿದರು. ನಾನು ನಾಟಕದ ಮಂದಿಯವನು. ನನ್ನ ತಕ್ಕಡಿ ರಂಗದ ಕಡೆಗೇ ವಾಲುತ್ತದೆ, ಓದುಗರು ಸೈರಿಸಬೇಕು.

ಕಾಳವ್ವನ ನಂತರ ಮೇಳದ ಹೊಣೆ ಮಂಜಮ್ಮನವರಿಗೆ ಬಂತು, ಮರಿಯಮ್ಮನಹಳ್ಳಿ ಅದರ ತವರಾಯಿತು. ಮಧ್ಯದ ವರ್ಷಗಳು ಜಾತ್ರೆ, ಉತ್ಸವಗಳಲ್ಲೇ ಕಳೆದವು. 1982ರ ದೇವದಾಸಿ ನಿಷೇಧ ಕಾಯ್ದೆ ಬಂದ ಮೇಲೆ ಮುತ್ತು ಕಟ್ಟುವುದು ಸರಿಯೋ ತಪ್ಪೋ ಎಂಬ ಮಾತುಗಳೂ ಎದ್ದವು. ಎರಡೂ ಕಡೆ ನಮ್ಮವರೇ ಇದ್ದಾರೆ, ಸಂಭ್ರಮದ ಸಂಚಿಕೆಯಲ್ಲಿ ಅದನ್ನು ಕೆದಕುವುದು ಬೇಡ.

2010ರಲ್ಲಿ ಮಂಜಮ್ಮನವರಿಗೆ ರಾಜ್ಯೋತ್ಸವ ಪ್ರಶಸ್ತಿ ಬಂತು. 2014ರಲ್ಲಿ ಸುಪ್ರೀಂ ಕೋರ್ಟು ತೃತೀಯ ಲಿಂಗಿಗಳ ಹಕ್ಕನ್ನು ಒಪ್ಪಿತು, 2018ರಲ್ಲಿ ಸಲಿಂಗ ಸಂಬಂಧವನ್ನು ಅಪರಾಧವೆನ್ನುತ್ತಿದ್ದ 377ನೇ ಕಲಮಿನ ಮುಳ್ಳು ಮುರಿಯಿತು. 2019ರಲ್ಲಿ ಮಂಜಮ್ಮ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. ಲಿಂಗತ್ವ ಅಲ್ಪಸಂಖ್ಯಾತರೊಬ್ಬರು ಆ ಕುರ್ಚಿಯಲ್ಲಿ ಕೂತದ್ದು ಅದೇ ಮೊದಲು. ಅವರ ಬದುಕನ್ನು ಅರುಣ್ ಜೋಳದಕೂಡ್ಲಿಗಿ ‘ನಡುವೆ ಸುಳಿವ ಹೆಣ್ಣು’ ಪುಸ್ತಕದಲ್ಲಿ ದಾಖಲಿಸಿದ್ದಾರೆ. 2021ರ ನವೆಂಬರಿನಲ್ಲಿ ಪದ್ಮಶ್ರೀ ಪಡೆಯುವಾಗ ಅವರು ಸೆರಗು ಹಿಡಿದು ಅಂದಿನ ರಾಷ್ಟ್ರಪತಿ ಕೋವಿಂದರ ದೃಷ್ಟಿ ತೆಗೆದರು. ಟಿವಿ ಮುಂದೆ ಕೂತಿದ್ದ ನಾನು ‘ಉಧೋ ಉಧೋ’ ಎಂದು ಯಲ್ಲಮ್ಮನ ಘೋಷ ಕೂಗಿಯೇಬಿಟ್ಟೆ.

ಅದೇ ವರ್ಷ, ಲಿಂಗತ್ವ ಅಲ್ಪಸಂಖ್ಯಾತರ ಹಕ್ಕಿಗಾಗಿ ದುಡಿಯುವ ಸಂಗಮ ಸಂಸ್ಥೆಯ ಹೈಕೋರ್ಟ್ ಹೋರಾಟದಿಂದ ರಾಜ್ಯ ಸರ್ಕಾರಿ ನೇಮಕಾತಿಯಲ್ಲಿ ಲಿಂಗತ್ವ ಅಲ್ಪಸಂಖ್ಯಾತರಿಗೆ ಶೇ. 1ರ ಮೀಸಲಾತಿ ಬಂತು. ಇದಕ್ಕೆ ಇನ್ನಷ್ಟು ಪುಟ ಸಲ್ಲಬೇಕಿತ್ತು, ಆದರೆ ಸಂಪಾದಕರು ಕೊಟ್ಟ ಜಾಗ ಮುಗಿಯಿತು. ಒಂದು ಕೋರಿಕೆ: ಕಾಳವ್ವನ ಹಾಡಿನ ಕ್ಯಾಸೆಟ್ಟಾಗಲಿ ಫೋಟೊ ಆಗಲಿ ಯಾರ ಮನೆಯಲ್ಲಾದರೂ ಇದ್ದರೆ, ದಯವಿಟ್ಟು ಸಮಿತಿಗೆ ಒಂದು ಪ್ರತಿ ತಲುಪಿಸಿ.