ಪಾಸ್‌ವರ್ಡ್ ರಕ್ಷಿತ ಎಕ್ಸೆಲ್ ಕಡತ ಮತ್ತು ವೈರಸ್ ತಪಾಸಣೆ

ಪಾಸ್‌ವರ್ಡ್ ರಕ್ಷಿತ ಎಕ್ಸೆಲ್ ಕಡತ: ತೆರೆಯುವುದಕ್ಕೆ, ತಿದ್ದುವುದಕ್ಕೆ ಅಥವಾ ಒಳಗಿನ ಸೂತ್ರಗಳನ್ನು ಬದಲಿಸುವುದಕ್ಕೆ ತಡೆ ಹಾಕಿರುವ ಲೆಕ್ಕಹಾಳೆ. ಇಂಥ ಕಡತ ಎದುರಾದಾಗ ಆಂಟಿವೈರಸ್ ತಂತ್ರಾಂಶ ಅನೇಕ ವೇಳೆ ‘ಸ್ಕ್ಯಾನ್ ಮಾಡಲಾಗಲಿಲ್ಲ’ ಅಥವಾ ‘ಪಾಸ್‌ವರ್ಡ್ ಇರುವುದರಿಂದ ಬಿಡಲಾಗಿದೆ’ ಎಂದು ತೋರಿಸುತ್ತದೆ. ಕಡತದಲ್ಲಿ ವೈರಸ್ ಸಿಕ್ಕಿತು ಎಂದು ಇದರ ಅರ್ಥವಲ್ಲ, ಕಡತ ಶುದ್ಧವಾಗಿದೆ ಎಂದೂ ಅಲ್ಲ. ಒಳಗೇನಿದೆ ಎಂದು ತಂತ್ರಾಂಶಕ್ಕೆ ಕಾಣಲಿಲ್ಲ ಎಂಬುದಷ್ಟೇ ಅದರ ಹೇಳಿಕೆ. ಗಡಿಯ ತಪಾಸಣಾ ಠಾಣೆಗೆ ಬಂದ ಸೀಲ್ ಹೊಡೆದ ಲಾರಿಯ ಹಾಗೆ, ಹೊರಗಿನ ಗುರುತು ಕಾಣುತ್ತದೆ, ಒಳಗಿನ ಸರಕು ಕಾಣುವುದಿಲ್ಲ.

ಬಳಕೆಯ ಹಿನ್ನೆಲೆ

ಇಂಥ ಕಡತಗಳ ಓಡಾಟ ಹೇಗೆ ಹೆಚ್ಚಿತು ಎಂಬುದಕ್ಕೆ ಗಡಿಯ ಒಂದು ಪೇಟೆಯನ್ನು ಉದಾಹರಣೆಯಾಗಿ ನೋಡಬಹುದು. ವಿಜಯಪುರ ಜಿಲ್ಲೆಯ ಚಡಚಣ ಮಹಾರಾಷ್ಟ್ರದ ಗಡಿಗೆ ಹತ್ತಿರದ ಊರು. ಮೊದಲು ಇಂಡಿ ತಾಲ್ಲೂಕಿಗೆ ಸೇರಿದ್ದು, ಈಗ ಸ್ವತಂತ್ರ ತಾಲ್ಲೂಕಿನ ಕೇಂದ್ರವಾಗಿದೆ. ಬಟ್ಟೆ ವ್ಯಾಪಾರಕ್ಕೆ ಹೆಸರಾದ ಈ ಪೇಟೆಗೆ ಸೊಲ್ಲಾಪುರದೊಂದಿಗೆ ನಿಕಟ ವ್ಯವಹಾರವಿದೆ. ಅಲ್ಲಿಂದ ಬರುವ ಸರಕು ರಾಜ್ಯದ ಗಡಿ ದಾಟುವುದರಿಂದ ಲೆಕ್ಕಪತ್ರದ ಕೆಲಸವೂ ಹೆಚ್ಚು. 2017ರ ಜುಲೈ 1ರಂದು ಜಿಎಸ್‌ಟಿ ಜಾರಿಗೆ ಬಂತು. 2018ರ ಏಪ್ರಿಲ್ 1ರಿಂದ 50,000 ರೂಪಾಯಿಗೂ ಹೆಚ್ಚು ಬೆಲೆಯ ಸರಕನ್ನು ರಾಜ್ಯದಿಂದ ರಾಜ್ಯಕ್ಕೆ ಸಾಗಿಸಲು ಇ-ವೇ ಬಿಲ್ ಕಡ್ಡಾಯವಾಯಿತು. ರಾಜ್ಯದೊಳಗಿನ ಸಾಗಣೆಗೂ ಅದೇ ದಿನದಿಂದ ಈ ವ್ಯವಸ್ಥೆ ತಂದ ಮೊದಲ ರಾಜ್ಯ ಕರ್ನಾಟಕ.

ಹೀಗೆ ಅಂಗಡಿಯ ಖಾತೆಪುಸ್ತಕದಲ್ಲಿದ್ದ ಲೆಕ್ಕ ಎಕ್ಸೆಲ್ ಕಡತಕ್ಕೆ ಬಂದು, ಅಲ್ಲಿಂದ ತೆರಿಗೆ ಸಲಹೆಗಾರರ ಕಂಪ್ಯೂಟರಿಗೆ ಮೇಲ್, ವಾಟ್ಸಾಪ್ ಇಲ್ಲವೆ ಪೆನ್ ಡ್ರೈವ್ ಮೂಲಕ ಓಡಾಡತೊಡಗಿತು. ಬ್ಯಾಂಕ್ ಸ್ಟೇಟ್‌ಮೆಂಟ್, ಸಂಬಳದ ಪಟ್ಟಿ, ಫಲಾನುಭವಿಗಳ ಪಟ್ಟಿ ಮುಂತಾದವುಗಳಲ್ಲಿ ಖಾತೆ ಸಂಖ್ಯೆ, ಆಧಾರ್ ಸಂಖ್ಯೆಗಳು ಇರುವುದರಿಂದ ಪಾಸ್‌ವರ್ಡ್ ಹಾಕಿ ಕಳಿಸುವ ರೂಢಿ ಬೆಳೆದಿದೆ. ಇ-ಆಧಾರ್ ಪಿಡಿಎಫ್ ಇದಕ್ಕೆ ಎಲ್ಲರಿಗೂ ಗೊತ್ತಿರುವ ಉದಾಹರಣೆ. ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ದೊಡ್ಡಕ್ಷರ ಮತ್ತು ಹುಟ್ಟಿದ ವರ್ಷ ಸೇರಿಸಿದರೆ ಅದರ ಪಾಸ್‌ವರ್ಡ್ ಆಗುತ್ತದೆ. ಮಾಹಿತಿಯ ಗುಟ್ಟು ಕಾಯುವ ಈ ಬೀಗವೇ ಆಂಟಿವೈರಸ್ಸನ್ನೂ ಹೊರಗೆ ನಿಲ್ಲಿಸುತ್ತದೆ.

ರಕ್ಷಣೆಯ ಬಗೆಗಳು

‘ಲಾಕ್ ಮಾಡಿದ ಫೈಲ್’ ಎಂದು ಒಂದೇ ಮಾತಿನಲ್ಲಿ ಕರೆದರೂ ಎಕ್ಸೆಲ್‌ನಲ್ಲಿ ರಕ್ಷಣೆಯ ಬಗೆಗಳು ಬೇರೆ ಬೇರೆ.

ಹಾಳೆಯ ರಕ್ಷಣೆ: ಕೆಲವು ಚೌಕಗಳನ್ನು ಮಾತ್ರ ತುಂಬಲು ಬಿಟ್ಟು ಉಳಿದವನ್ನು ತಿದ್ದದಂತೆ ತಡೆಯುವುದು. ಇದರಲ್ಲಿ ಮಾಹಿತಿ ಗೂಢಲಿಪಿಗೆ ಹೋಗುವುದಿಲ್ಲ. ಆಂಟಿವೈರಸ್ ಅದನ್ನು ಸಲೀಸಾಗಿ ಓದುತ್ತದೆ. ಕೈತಪ್ಪಿ ಸೂತ್ರ ಅಳಿಸಿಹೋಗದಿರಲಿ ಎಂಬುದು ಇದರ ಉದ್ದೇಶ. ಗುಟ್ಟು ಕಾಯಲು ಇದನ್ನು ನಂಬುವಂತಿಲ್ಲ.

ಮ್ಯಾಕ್ರೊ ಸಂಕೇತದ ರಕ್ಷಣೆ: ಕಡತದೊಳಗೆ ಕೆಲಸಗಳನ್ನು ತಾನಾಗಿ ನಡೆಸುವ ಮ್ಯಾಕ್ರೊ ಬರಹವನ್ನು ಬೇರೆಯವರು ನೋಡದಂತೆ ಹಾಕುವ ಪಾಸ್‌ವರ್ಡ್. ಇದೂ ಗೂಢಲಿಪೀಕರಣವಲ್ಲ. ತಪಾಸಣೆಗೆ ಅಡ್ಡಿಯಾಗದಿದ್ದರೂ ಮ್ಯಾಕ್ರೊ ಇರುವ ಕಾರಣಕ್ಕೇ ಕಡತ ಅನುಮಾನಕ್ಕೆ ಗುರಿಯಾಗಬಹುದು.

ತೆರೆಯುವ ಪಾಸ್‌ವರ್ಡ್: ಇಡೀ ಕಡತವನ್ನು ಗೂಢಲಿಪಿಗೆ ತಿರುಗಿಸುವ ನಿಜವಾದ ಬೀಗ. ಆಫೀಸ್ 97ರಿಂದ 2003ರವರೆಗಿನ ಹಳೆಯ ಕಡತಗಳಲ್ಲಿ ಸಾಮಾನ್ಯವಾಗಿ 40 ಬಿಟ್‌ನ ದುರ್ಬಲ ಕೀಲಿ ಇರುತ್ತಿತ್ತು. ಆಫೀಸ್ 2007ರಿಂದ 128 ಬಿಟ್‌ನ ಎಇಎಸ್ ವಿಧಾನ ಬಂತು, ಮುಂದಿನ ಆವೃತ್ತಿಗಳಲ್ಲಿ ಅದು ಇನ್ನೂ ಬಲಗೊಂಡಿತು. ಹೊಸ ಆವೃತ್ತಿಯಲ್ಲಿ ಉದ್ದನೆಯ ಪಾಸ್‌ವರ್ಡ್ ಹಾಕಿ ಮರೆತರೆ ಕಡತ ಕೈಬಿಟ್ಟು ಹೋದಂತೆಯೇ ಸರಿ. ವೈರಸ್ ತಪಾಸಣೆಯ ತೊಡಕು ಮುಖ್ಯವಾಗಿ ಹುಟ್ಟುವುದು ಈ ಬಗೆಯಲ್ಲಿ.

ತಪಾಸಣೆ ನಿಲ್ಲುವ ಕಾರಣಗಳು

2007ರಿಂದ ಬಳಕೆಗೆ ಬಂದ ಎಕ್ಸ್‌ಎಲ್‌ಎಸ್‌ಎಕ್ಸ್ ಕಡತ ವಾಸ್ತವದಲ್ಲಿ ಒಂದು ಜಿಪ್ ಗಂಟು. ಆಂಟಿವೈರಸ್ ಆ ಗಂಟನ್ನು ಬಿಚ್ಚಿ ಹಾಳೆ, ಚಿತ್ರ, ಮ್ಯಾಕ್ರೊಗಳನ್ನು ಒಂದೊಂದಾಗಿ ನೋಡುತ್ತದೆ. ತೆರೆಯುವ ಪಾಸ್‌ವರ್ಡ್ ಹಾಕಿದ ಕೂಡಲೇ ಕಡತದ ಒಳರಚನೆಯೇ ಬದಲಾಗುತ್ತದೆ. ಹೆಸರಿನ ಕೊನೆಯಲ್ಲಿ ಎಕ್ಸ್‌ಎಲ್‌ಎಸ್‌ಎಕ್ಸ್ ಎಂದೇ ಉಳಿದರೂ ಒಳಗೆ ಜಿಪ್ ಇರುವುದಿಲ್ಲ. ಹಳೆಯ ಎಕ್ಸ್‌ಎಲ್‌ಎಸ್ ಕಡತಗಳ ಓಎಲ್‌ಇ ಎಂಬ ಕವಚದೊಳಗೆ ಗೂಢಲಿಪಿಯ ಒಂದು ಮುದ್ದೆ ಇರುತ್ತದೆ. ಪಾಸ್‌ವರ್ಡ್ ಗೊತ್ತಿಲ್ಲದ ತಂತ್ರಾಂಶ ಅಲ್ಲಿಗೇ ನಿಲ್ಲಬೇಕಾಗುತ್ತದೆ.

ಆದರೆ ತಪಾಸಣೆಯ ಎಲ್ಲ ದೋಷಗಳಿಗೂ ಪಾಸ್‌ವರ್ಡೇ ಕಾರಣವಲ್ಲ. ಕಡತ ಅದೇ ಕಂಪ್ಯೂಟರಿನಲ್ಲಿ ಅಥವಾ ಕಚೇರಿಯ ಜಾಲದ ಇನ್ನೊಂದು ಕಂಪ್ಯೂಟರಿನಲ್ಲಿ ತೆರೆದಿದ್ದರೆ ‘ಪ್ರವೇಶ ನಿರಾಕರಿಸಲಾಗಿದೆ’ ಎಂಬ ಸೂಚನೆ ಬರಬಹುದು. ಪೆನ್ ಡ್ರೈವನ್ನು ಸರಿಯಾಗಿ ಇಜೆಕ್ಟ್ ಮಾಡದೆ ಕಿತ್ತು ಅರ್ಧಕ್ಕೆ ನಕಲಾದ ಕಡತವೂ ದೋಷ ತೋರಿಸುತ್ತದೆ. ಹಾಳೆಯ ಕೊನೆಯ ಸಾಲಿನವರೆಗೆ, ಎಂದರೆ 10,48,576 ಸಾಲುಗಳಿಗೆ, ಗೆರೆ ಬಣ್ಣ ಹಾಕಿದ ಕಡತ ಜಿಪ್ ರೂಪದಲ್ಲಿ ಚಿಕ್ಕದಾಗಿ ಕಂಡರೂ ಬಿಚ್ಚಿದಾಗ ಹಲವು ಪಟ್ಟು ಹಿಗ್ಗುತ್ತದೆ. ಅವಾಸ್ಟ್‌ನಂಥ ತಂತ್ರಾಂಶಗಳು ಇಂಥದನ್ನು ‘ಡಿಕಂಪ್ರೆಷನ್ ಬಾಂಬ್’ ಎಂದು ಕರೆದು ಬಿಟ್ಟುಬಿಡುವುದುಂಟು. ಹೆಸರು ಭಯಾನಕವಾಗಿದ್ದರೂ ಅನೇಕ ವೇಳೆ ಅದು ಬರಿದಾದ ಸಾಲುಗಳ ಭಾರವಷ್ಟೇ; ಆ ಸಾಲುಗಳನ್ನು ಅಳಿಸಿ ಕಡತವನ್ನು ಉಳಿಸಿದರೆ ದೋಷ ಹೋಗುತ್ತದೆ.

ದುರ್ಬಳಕೆಯ ಇತಿಹಾಸ

ಎಕ್ಸೆಲ್ ಕಡತಗಳ ಮೇಲಿನ ಅನುಮಾನಕ್ಕೆ ಹಳೆಯ ಆಧಾರವಿದೆ. ಮ್ಯಾಕ್ರೊ ಬಳಸಿ ಹಬ್ಬಿದ ಎಕ್ಸೆಲ್ ವೈರಸ್‌ಗಳಲ್ಲಿ ಮೊದಲನೆಯದಾದ ಲಾರೂ 1996ರಲ್ಲಿ ಪತ್ತೆಯಾಯಿತು. 2004ರಲ್ಲಿ ಬ್ಯಾಗಲ್ ಎಂಬ ಹುಳು ಪಾಸ್‌ವರ್ಡ್ ಹಾಕಿದ ಜಿಪ್ ಕಡತದೊಳಗೆ ಅಡಗಿ, ಪಾಸ್‌ವರ್ಡನ್ನು ಅದೇ ಮೇಲ್‌ನಲ್ಲಿ ಬರೆದು ಕಳಿಸಿತು. ಓದುವ ಮನುಷ್ಯನಿಗೆ ಕೀಲಿ ಸಿಕ್ಕಿತು, ತಪಾಸಣೆಯ ಯಂತ್ರಕ್ಕೆ ಸಿಗಲಿಲ್ಲ. ಆಂಟಿವೈರಸ್‌ಗಳು ಮೇಲ್‌ನ ಪಠ್ಯದಿಂದ ಪಾಸ್‌ವರ್ಡ್ ಹೆಕ್ಕತೊಡಗಿದಾಗ ಅದನ್ನು ಚಿತ್ರವಾಗಿ ಕಳಿಸುವ ತಂತ್ರ ಬಂತು. ಪಾಸ್‌ವರ್ಡ್ ಹಾಕಿದ ಜಿಪ್ ಕಡತದ ಈ ಉಪಾಯವನ್ನೇ ಎಮೊಟೆಟ್ ಎಂಬ ಕುತಂತ್ರಾಂಶ 2020ರ ಸುಮಾರಿಗೆ ಮತ್ತೆ ದೊಡ್ಡ ಪ್ರಮಾಣದಲ್ಲಿ ಬಳಸಿತು.

ಎಕ್ಸೆಲ್‌ಗೇ ವಿಶಿಷ್ಟವಾದ ಇನ್ನೊಂದು ಕಿಂಡಿಯೂ ಇದೆ. ಮೈಕ್ರೋಸಾಫ್ಟ್ ಒಳಗೇ ಇಟ್ಟಿರುವ ‘ವೆಲ್ವೆಟ್‌ಸ್ವೆಟ್‌ಶಾಪ್’ ಎಂಬ ಪಾಸ್‌ವರ್ಡಿನಿಂದ ಗೂಢಲಿಪಿಗೆ ಹೋದ ಕಡತವನ್ನು ಎಕ್ಸೆಲ್ ಏನನ್ನೂ ಕೇಳದೆ ತೆರೆದುಬಿಡುತ್ತದೆ. ಬಳಕೆದಾರನಿಗೆ ಅದು ಸಾಮಾನ್ಯ ಕಡತದಂತೆ ಕಾಣುತ್ತದೆ, ಇದನ್ನು ಅರಿಯದ ಆಂಟಿವೈರಸ್ಸಿಗೆ ಮಾತ್ರ ಬೀಗ ಕಾಣುತ್ತದೆ. ಲೈಮ್‌ರ‍್ಯಾಟ್ ಎಂಬ ದೂರನಿಯಂತ್ರಣ ಕುತಂತ್ರಾಂಶವನ್ನು ಹೀಗೆ ಹರಡುತ್ತಿದ್ದುದನ್ನು ಭದ್ರತಾ ಸಂಸ್ಥೆ ಮೈಮ್‌ಕಾಸ್ಟ್ 2020ರಲ್ಲಿ ಬಯಲಿಗೆ ತಂದಿತು. ಪಾಸ್‌ವರ್ಡ್ ಕೇಳದೆ ತೆರೆದುಕೊಂಡ ಕಡತವನ್ನು ಆಂಟಿವೈರಸ್ ‘ಪಾಸ್‌ವರ್ಡ್ ಇದೆ’ ಎಂದು ಗುರುತಿಸಿದ್ದರೆ ಅದನ್ನು ಲಘುವಾಗಿ ತಳ್ಳಿಹಾಕಬಾರದು.

ಸರ್ಕಾರಿ ಎಕ್ಸೆಲ್ ನಮೂನೆಗಳು

ಸಣ್ಣ ಪಟ್ಟಣದ ತೆರಿಗೆ ಕಚೇರಿಗಳಲ್ಲಿ ಈ ತೊಡಕು ಎದುರಾಗುವ ಮುಖ್ಯ ಸಂದರ್ಭ ಸರ್ಕಾರದ ಆಫ್‌ಲೈನ್ ನಮೂನೆಗಳದು. ವರ್ಷಕ್ಕೆ 1.5 ಕೋಟಿ ರೂಪಾಯಿಯವರೆಗೆ ವಹಿವಾಟಿದ್ದು ರಾಜಿ ತೆರಿಗೆ ಆಯ್ದುಕೊಂಡ ವರ್ತಕರು ಸಲ್ಲಿಸುವ ಜಿಎಸ್‌ಟಿಆರ್-4, ಇತರರು ಸಲ್ಲಿಸುವ ವಾರ್ಷಿಕ ಜಿಎಸ್‌ಟಿಆರ್-9, ಆದಾಯ ತೆರಿಗೆ ರಿಟರ್ನ್ ಇವುಗಳಿಗೆ ಮ್ಯಾಕ್ರೊ ಇರುವ ಎಕ್ಸೆಲ್ ಕಡತಗಳನ್ನು ಇಲಾಖೆಯ ಜಾಲತಾಣಗಳು ಒದಗಿಸುತ್ತವೆ. ಅಂಕಿ ತುಂಬಿದ ಮೇಲೆ ಮ್ಯಾಕ್ರೊ ಅದನ್ನು ಜೇಸನ್ ಎಂಬ ರೂಪಕ್ಕೆ ತಿರುಗಿಸುತ್ತದೆ, ಆ ಕಡತವನ್ನು ಜಾಲತಾಣಕ್ಕೆ ಏರಿಸಬೇಕು. ಅಂತರ್ಜಾಲದಿಂದ ಇಳಿಸಿದ್ದು, ಮ್ಯಾಕ್ರೊ ಇರುವುದು, ಬೇರೆ ಕಡತ ಬರೆಯುವುದು ಎಂಬ ಮೂರು ಲಕ್ಷಣಗಳೂ ಕುತಂತ್ರಾಂಶದಲ್ಲಿಯೂ ಇರುವಂಥವು. ಹೀಗಾಗಿ ಅಸಲಿ ನಮೂನೆಯೂ ತಡೆಗೆ ಸಿಲುಕಬಹುದು.

2022ರಿಂದ ಮೈಕ್ರೋಸಾಫ್ಟ್ ಅಂತರ್ಜಾಲದಿಂದ ಬಂದ ಕಡತಗಳ ಮ್ಯಾಕ್ರೊಗಳನ್ನು ತಾನಾಗಿಯೇ ತಡೆಯುತ್ತಿದೆ. ಆಗ ಕೆಂಪು ಪಟ್ಟಿಯ ಎಚ್ಚರಿಕೆ ಕಾಣಿಸುತ್ತದೆ. ಇದು ವೈರಸ್ ವರದಿಯಲ್ಲ. ಇಲಾಖೆಯ ಅಧಿಕೃತ ತಾಣದಿಂದ ತಾವೇ ಇಳಿಸಿಕೊಂಡ ಕಡತವಾದರೆ ಅದರ ಮೇಲೆ ರೈಟ್ ಕ್ಲಿಕ್ ಮಾಡಿ, ‘ಪ್ರಾಪರ್ಟೀಸ್’ನಲ್ಲಿ ‘ಅನ್‌ಬ್ಲಾಕ್’ ಗುರುತು ಹಾಕಿದರೆ ಮ್ಯಾಕ್ರೊ ಓಡುತ್ತದೆ. ಪರಿಚಯದವರು ವಾಟ್ಸಾಪ್‌ನಲ್ಲಿ ದಾಟಿಸಿದ ಅದೇ ಹೆಸರಿನ ಪ್ರತಿಗೆ ಈ ಕ್ರಮ ಸಲ್ಲದು. ಕೊನೆಯ ದಿನಾಂಕದ ಗಡಿಬಿಡಿಯಲ್ಲಿ ಆಂಟಿವೈರಸ್ಸನ್ನೇ ಬಂದ್ ಮಾಡಿ ಕೆಲಸ ಮುಗಿಸುವುದು ಇನ್ನೂ ಅಪಾಯಕರ.

ನಿರ್ವಹಣೆಯ ಕ್ರಮ

1. ಸೂಚನೆಯನ್ನು ಪೂರ್ತಿ ಓದಬೇಕು. ವೈರಸ್ಸಿನ ಹೆಸರು ಹೇಳಿ ಕಡತವನ್ನು ಪ್ರತ್ಯೇಕಿಸಿದ್ದರೆ ಅದು ಪತ್ತೆ. ‘ಬಿಡಲಾಗಿದೆ’, ‘ಪಾಸ್‌ವರ್ಡ್ ಇದೆ’ ಎಂದಿದ್ದರೆ ತಪಾಸಣೆ ಆಗಿಲ್ಲ ಎಂದಷ್ಟೇ.

2. ಕಳಿಸಿದವರಿಗೆ ಫೋನ್ ಮಾಡಿ ಕೇಳಬೇಕು. ಮೇಲ್‌ನಲ್ಲಿ ಕೊಟ್ಟ ಸಂಖ್ಯೆಗಲ್ಲ, ಮೊದಲಿನಿಂದ ತಮ್ಮ ಬಳಿ ಇರುವ ಸಂಖ್ಯೆಗೆ. ಪಾಸ್‌ವರ್ಡ್ ಅದೇ ಮೇಲ್‌ನಲ್ಲಿ ಬಂದಿದ್ದರೆ ಈ ಹೆಜ್ಜೆಯನ್ನು ಬಿಡಲೇಬಾರದು.

3. ಕಡತವನ್ನು ‘ಪ್ರೊಟೆಕ್ಟೆಡ್ ವ್ಯೂ’ನಲ್ಲಿ ತೆರೆದು ಪಾಸ್‌ವರ್ಡ್ ಕೊಡಬೇಕು. ಒಳಗಿರುವುದು ನಿರೀಕ್ಷಿತ ಮಾಹಿತಿಯೇ ಎಂದು ಕಣ್ಣಾರೆ ನೋಡುವವರೆಗೆ ‘ಎನೇಬಲ್ ಎಡಿಟಿಂಗ್’, ‘ಎನೇಬಲ್ ಕಂಟೆಂಟ್’ ಒತ್ತಬಾರದು. ಮಾಹಿತಿ ಕಾಣಬೇಕಾದರೆ ಆ ಗುಂಡಿ ಒತ್ತಿ ಎಂದು ಹಾಳೆಯಲ್ಲೇ ಬರೆದಿದ್ದರೆ ಅದು ವಂಚನೆಯ ಲಕ್ಷಣ.

4. ಮೂಲ ಖಚಿತವಾದ ಮೇಲೆ ಒಂದು ಪ್ರತಿ ಮಾಡಿ, ‘ಫೈಲ್’, ‘ಇನ್ಫೊ’, ‘ಪ್ರೊಟೆಕ್ಟ್ ವರ್ಕ್‌ಬುಕ್’, ‘ಎನ್‌ಕ್ರಿಪ್ಟ್ ವಿತ್ ಪಾಸ್‌ವರ್ಡ್’ ದಾರಿಯಲ್ಲಿ ಹೋಗಿ ಪಾಸ್‌ವರ್ಡ್ ಜಾಗವನ್ನು ಖಾಲಿ ಬಿಟ್ಟು ಉಳಿಸಬೇಕು. ಈ ಪ್ರತಿಯನ್ನು ಆಂಟಿವೈರಸ್ ಪೂರ್ತಿ ಓದಬಲ್ಲದು. ತಪಾಸಣೆ ಮುಗಿದ ಕೂಡಲೇ ಬೀಗವಿಲ್ಲದ ಪ್ರತಿಯನ್ನು ರೀಸೈಕಲ್ ಬಿನ್‌ನಿಂದಲೂ ಅಳಿಸಬೇಕು.

5. ಇಡೀ ಫೋಲ್ಡರನ್ನು ತಪಾಸಣೆಯಿಂದ ಹೊರಗಿಡಬಾರದು. ಅನಿವಾರ್ಯವಾದರೆ ಆ ಒಂದು ಕಡತಕ್ಕೆ ಮಾತ್ರ ವಿನಾಯಿತಿ ಕೊಡಬಹುದು.

6. ಜನರ ವಿವರಗಳಿರುವ ಕಡತವನ್ನು ವೈರಸ್‌ಟೋಟಲ್‌ನಂಥ ಸಾರ್ವಜನಿಕ ತಾಣಕ್ಕೆ ಏರಿಸಬಾರದು. ಅಲ್ಲಿಗೆ ಏರಿಸಿದ ಕಡತಗಳು ಭದ್ರತಾ ಸಂಸ್ಥೆಗಳಿಗೆ ಲಭ್ಯವಾಗುತ್ತವೆ.

ಕಳಿಸುವವರ ಹೊಣೆಯೂ ಇದೆ. ಕಡತ ಮೇಲ್‌ನಲ್ಲಿ ಹೋದರೆ ಪಾಸ್‌ವರ್ಡ್ ಫೋನಿನಲ್ಲಿ ಹೋಗಬೇಕು. ಕಳಿಸುವ ಮುನ್ನ, ಬೀಗ ಹಾಕುವುದಕ್ಕೆ ಮೊದಲೇ ತಪಾಸಣೆ ಮಾಡಿದರೆ ಪಡೆದವರ ಆತಂಕ ಅರ್ಧ ಕಡಿಮೆಯಾಗುತ್ತದೆ.

ಹಳೆಯ ಆವೃತ್ತಿ ಮತ್ತು ಕನ್ನಡ ಕೀಲಿಮಣೆ

‘ಪ್ರೊಟೆಕ್ಟೆಡ್ ವ್ಯೂ’ ಬಂದದ್ದು ಆಫೀಸ್ 2010ರಲ್ಲಿ. ಆಫೀಸ್ 2007 ಇರುವ ಕಂಪ್ಯೂಟರುಗಳಲ್ಲಿ ಅದು ಇಲ್ಲ. ತೆರೆದ ಕಡತದ ಮ್ಯಾಕ್ರೊ ಓಡುವ ಹೊತ್ತಿನಲ್ಲೇ ಅದನ್ನು ಆಂಟಿವೈರಸ್ಸಿಗೆ ತೋರಿಸುವ ಎಎಂಎಸ್‌ಐ ಎಂಬ ವ್ಯವಸ್ಥೆಯನ್ನು ಮೈಕ್ರೋಸಾಫ್ಟ್ 2018ರಲ್ಲಿ ಆಫೀಸ್ ತಂತ್ರಾಂಶಕ್ಕೆ ಸೇರಿಸಿತು. 1992ರಷ್ಟು ಹಳೆಯದಾದ ಎಕ್ಸೆಲ್ 4.0 ಮ್ಯಾಕ್ರೊಗಳಿಗೂ ಅದು 2021ರಲ್ಲಿ ವಿಸ್ತರಿಸಿತು. ಬೀಗ ತೆಗೆದ ಮೇಲೆ ನಡೆಯುವ ತಪಾಸಣೆಯಾದ್ದರಿಂದ ಪಾಸ್‌ವರ್ಡ್ ಇದಕ್ಕೆ ಅಡ್ಡಿಯಲ್ಲ. ಹೊಸ ಆವೃತ್ತಿ ಹಳೆಯದಕ್ಕಿಂತ ಸುರಕ್ಷಿತ ಎನ್ನುವುದಕ್ಕೆ ಇದೇ ಮುಖ್ಯ ಕಾರಣ. ಆಫೀಸ್ 2007ಕ್ಕೆ 2017ರಲ್ಲಿ, 2010ಕ್ಕೆ 2020ರಲ್ಲಿ ಮೈಕ್ರೋಸಾಫ್ಟಿನ ಬೆಂಬಲ ನಿಂತಿದೆ.

ಕನ್ನಡದಲ್ಲಿ ಕೆಲಸ ಮಾಡುವ ಕಚೇರಿಗಳಲ್ಲಿ ಇನ್ನೊಂದು ತೊಡಕೂ ಇದೆ. ‘ಬರಹ’ ಅಥವಾ ಕನ್ನಡ ಗಣಕ ಪರಿಷತ್ತು ಸಿದ್ಧಪಡಿಸಿದ ‘ನುಡಿ’ ತಂತ್ರಾಂಶದ ಕನ್ನಡ ಕೀಲಿಮಣೆ ಚಾಲೂ ಇದ್ದಾಗ ಪಾಸ್‌ವರ್ಡ್ ಒತ್ತಿದರೆ ಚುಕ್ಕಿಗಳ ಹಿಂದೆ ಬೇರೆಯೇ ಅಕ್ಷರಗಳು ಸೇರುತ್ತವೆ. ಹೀಗೆ ಬೀಗ ಬಿದ್ದ ಕಡತ ಮುಂದೆ ‘ಪಾಸ್‌ವರ್ಡ್ ತಪ್ಪು’ ಎನ್ನುತ್ತದೆ, ಕಡತವೇ ಕೆಟ್ಟಿದೆ ಎಂದು ಬಳಕೆದಾರರು ಭಾವಿಸುತ್ತಾರೆ. ಅದೇ ಕೀಲಿಮಣೆಯನ್ನು ಚಾಲೂ ಮಾಡಿ ಮತ್ತೆ ಒತ್ತಿ ನೋಡುವುದು ಮೊದಲ ಪರಿಹಾರ. ಪಾಸ್‌ವರ್ಡ್ ಹಾಕುವಾಗ ಕೀಲಿಮಣೆಯನ್ನು ಇಂಗ್ಲಿಷಿಗೆ ಬದಲಿಸಿಕೊಳ್ಳುವುದು ಕಾಯಂ ಪರಿಹಾರ.

ನೆರವು ಮತ್ತು ದೂರು

ಕೇಂದ್ರ ಸರ್ಕಾರದ ಸೈಬರ್ ಸ್ವಚ್ಛತಾ ಕೇಂದ್ರ 2017ರಿಂದ ಕುತಂತ್ರಾಂಶ ತೆಗೆಯುವ ಸಾಧನಗಳನ್ನು ಉಚಿತವಾಗಿ ಕೊಡುತ್ತಿದೆ. ಪುಣೆಯ ಕ್ವಿಕ್ ಹೀಲ್, ಚೆನ್ನೈನ ಕೆ7 ದೇಶದೊಳಗೇ ಬೆಳೆದ ಆಂಟಿವೈರಸ್ ಸಂಸ್ಥೆಗಳು. ವಿಂಡೋಸ್ 10 ಮತ್ತು 11ರಲ್ಲಿ ಡಿಫೆಂಡರ್ ಜೊತೆಗೇ ಬರುತ್ತದೆ. ಅನುಮಾನಾಸ್ಪದ ಮ್ಯಾಕ್ರೊ ಓಡಿಬಿಟ್ಟಿದ್ದರೆ ಮೊದಲು ಅಂತರ್ಜಾಲದ ಸಂಪರ್ಕ ಕಡಿದು, ಇನ್ನೊಂದು ಕಂಪ್ಯೂಟರಿನಿಂದ ಬ್ಯಾಂಕ್ ಮತ್ತು ಮೇಲ್ ಪಾಸ್‌ವರ್ಡ್‌ಗಳನ್ನು ಬದಲಿಸಬೇಕು. ಹಣ ಹೋಗಿದ್ದರೆ ರಾಷ್ಟ್ರೀಯ ಸಹಾಯವಾಣಿ 1930ಕ್ಕೆ ತಡಮಾಡದೆ ಕರೆ ಮಾಡಿ, ಸೈಬರ್ ಅಪರಾಧಗಳನ್ನು ನೋಡಿಕೊಳ್ಳುವ ಜಿಲ್ಲೆಯ ಸಿಇಎನ್ ಪೊಲೀಸ್ ಠಾಣೆಯಲ್ಲಿ ದೂರು ಕೊಡಬಹುದು. 2022ರ ಏಪ್ರಿಲ್‌ನ ನಿರ್ದೇಶನದಂತೆ ಸಂಸ್ಥೆಗಳು ಇಂಥ ಘಟನೆಯನ್ನು ಗಮನಕ್ಕೆ ಬಂದ 6 ಗಂಟೆಯೊಳಗೆ ಸೈಬರ್ ಭದ್ರತೆಯ ಕೇಂದ್ರ ಸಂಸ್ಥೆಯಾದ ಸಿಇಆರ್‌ಟಿ-ಇನ್‌ಗೆ ತಿಳಿಸಬೇಕು.

ಬೀಗ ಹಾಕಿದ ಲೆಕ್ಕಹಾಳೆಯ ವಿಷಯದಲ್ಲಿ ಕೊನೆಯ ತೀರ್ಮಾನ ಯಂತ್ರದ್ದಲ್ಲ, ಕಡತ ಯಾರಿಂದ ಬಂತು ಎಂದು ವಿಚಾರಿಸುವ ಬಳಕೆದಾರನದು. ಆ ವಿಚಾರಣೆ ಮುಗಿಯುವವರೆಗೆ ಅದನ್ನು ಸೋಂಕಿತವೆಂದು ಅಳಿಸುವುದೂ ಶುದ್ಧವೆಂದು ತೆರೆಯುವುದೂ ಸರಿಯಲ್ಲ. ‘ತಪಾಸಣೆ ಬಾಕಿ’ ಎಂದು ಬದಿಗಿಡುವುದೇ ಸರಿಯಾದ ಕ್ರಮ.