ಹತ್ತಿಗಾಗಿ ಬಂದ ರೈಲು, ಜನರ ಪಾಲಾದ ಕಥೆ

ವೀಕ್ಷಕರೇ, ಒಂದು ಲೆಕ್ಕ ಹೇಳ್ತೀನಿ, ಕೇಳಿ. 1853ರ ಏಪ್ರಿಲ್ 16ನೇ ತಾರೀಕು. ಬಾಂಬೆಯ ಬೋರಿಬಂದರ್‌ನಿಂದ ಠಾಣೆಗೆ ಈ ದೇಶದ ಮೊದಲ ಪ್ರಯಾಣಿಕರ ರೈಲು ಹೊರಟಿತು. 14 ಬೋಗಿ. ಎಳೆಯೋದಕ್ಕೆ ಸಾಹಿಬ್, ಸಿಂಧ್, ಸುಲ್ತಾನ್ ಅನ್ನೋ ಮೂರು ಎಂಜಿನ್. ಒಳಗೆ ಕೂತವರು ಸುಮಾರು 400 ಮಂದಿ. ಎಲ್ಲರೂ ಆಹ್ವಾನಿತರು, ದೊಡ್ಡ ಮನುಷ್ಯರು. ರೈಲು ಹೊರಡುವಾಗ 21 ಕುಶಾಲತೋಪು ಹಾರಿಸಿದರು. ದೂರ 34 ಕಿಲೋಮೀಟರ್.

ಈಗ ಅದೇ ಹಳಿಯ ಮೇಲೆ ಇವತ್ತಿನ ಬೆಳಗ್ಗೆ ಎಂಟೂವರೆ ಗಂಟೆಗೆ ಬನ್ನಿ. ಠಾಣೆಯಿಂದ ಮುಂಬೈ ಕಡೆ ಹೊರಟ 12 ಬೋಗಿಯ ಲೋಕಲ್. ಒಳಗೆ ನಾಲ್ಕೂವರೆ ಸಾವಿರದಿಂದ ಐದು ಸಾವಿರ ಜನ. ಕುಶಾಲತೋಪೂ ಇಲ್ಲ, ಆಹ್ವಾನ ಪತ್ರಿಕೆಯೂ ಇಲ್ಲ. ಬಾಗಿಲಲ್ಲಿ ನಿಂತವನಿಗೆ ಒಂದು ಕಾಲು ಒಳಗೆ, ಇನ್ನೊಂದು ಕಾಲು ಗಾಳಿಯಲ್ಲಿ. ಒಂದು ಚದರ ಮೀಟರ್ ಜಾಗದಲ್ಲಿ 14ರಿಂದ 16 ಜನ ನಿಂತಿರ್ತಾರೆ. ನಿಮ್ಮ ಮನೆಯಲ್ಲಿ ನಾಲ್ಕು ಜನ ಕೂರುವ ಊಟದ ಟೇಬಲ್ ಇದೆಯಲ್ಲ, ಹೆಚ್ಚುಕಮ್ಮಿ ಅಷ್ಟು ಜಾಗ! ಇದಕ್ಕೆ ರೈಲ್ವೆಯವರು ಇಟ್ಟಿರುವ ಹೆಸರು ‘ಸೂಪರ್ ಡೆನ್ಸ್ ಕ್ರಷ್ ಲೋಡ್’. ಕಷ್ಟ ನಿವಾರಣೆ ಮಾಡೋದಕ್ಕೆ ಆಗದೇ ಇದ್ದಾಗ ಅದಕ್ಕೊಂದು ಹೆಸರಿಡೋದು ನಮ್ಮ ವ್ಯವಸ್ಥೆಗೆ ಚೆನ್ನಾಗಿ ಗೊತ್ತು.

400 ಜನರ ರೈಲು ಕೊರೊನಾಕ್ಕೆ ಮುಂಚಿನ ಹೊತ್ತಿಗೆ ದಿನಕ್ಕೆ 75 ಲಕ್ಷ ಜನರ ರೈಲು ಹೇಗಾಯಿತು? ಅಸಲಿಗೆ ಆ ಹಳಿಯನ್ನ ಹಾಕಿದ್ದು ಯಾರಿಗೋಸ್ಕರ? ಇವತ್ತಿನ ಮಾತು ಅದರದ್ದು.

ಜನರಿಗೋಸ್ಕರ ಅಂತ ನೀವು ಅಂದುಕೊಂಡಿದ್ದರೆ, ತಪ್ಪು. ಹಾಕಿದ್ದು ಹತ್ತಿಗೋಸ್ಕರ. ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆ ಅನ್ನೋದು ಲಂಡನ್ನಿನ ಹಣದಲ್ಲಿ ಹುಟ್ಟಿದ ಕಂಪನಿ. ದಖನ್ನಿನ ಹೊಲದಲ್ಲಿ ಬೆಳೆದ ಹತ್ತಿ ಬೇಗ ಬಂದರಿಗೆ ಬರಬೇಕು, ಅಲ್ಲಿಂದ ಇಂಗ್ಲೆಂಡಿನ ಗಿರಣಿಗಳಿಗೆ ಹೋಗಬೇಕು. ಅದು ಲೆಕ್ಕಾಚಾರ. 1854ರಲ್ಲಿ ಹಳಿ ಕಲ್ಯಾಣ್ ಮುಟ್ಟಿತು. ಮುಂದೆ ಎದುರಿಗೆ ಸಹ್ಯಾದ್ರಿ. ಅಲ್ಲಿ ದಾರಿ ಎರಡಾಯಿತು. ಒಂದು ಕಸಾರಾ ಕಡೆಯಿಂದ ಥಳ್ ಘಾಟ್ ಹತ್ತಿ ನಾಸಿಕ್ ಕಡೆಗೆ. ಇನ್ನೊಂದು ಕರ್ಜತ್ ಮೂಲಕ ಭೋರ್ ಘಾಟ್ ಹತ್ತಿ ಪುಣೆ ಕಡೆಗೆ. ಆ ಘಾಟಿಗಳನ್ನ ಕಡಿಯುವಾಗ ಸಾವಿರಾರು ಕೂಲಿಗಳು ಸತ್ತರು. ಇವತ್ತು ಮುಂಬೈನಲ್ಲಿ ‘ಕಸಾರಾ ಲೋಕಲ್’, ‘ಕರ್ಜತ್ ಲೋಕಲ್’ ಅಂತ ಕೂಗಿ ಹೇಳ್ತಾರಲ್ಲ, ಅದು ಪ್ರಯಾಣಿಕರನ್ನ ಕೇಳಿ ಮಾಡಿದ ಮಾರ್ಗ ಅಲ್ಲ. ಹತ್ತಿ ಇಳಿದು ಬಂದ ದಾರಿ.

ಇದು ಪೂರ್ವದ ಕಥೆ. ಪಶ್ಚಿಮದಲ್ಲಿ ಇನ್ನೊಂದು ಕಂಪನಿ. ಬಾಂಬೆ, ಬರೋಡಾ ಅಂಡ್ ಸೆಂಟ್ರಲ್ ಇಂಡಿಯಾ ರೈಲ್ವೆ. ಇವರು ಗುಜರಾತಿನ ಕಡೆಯಿಂದ ಹಳಿ ಹಾಕಿಕೊಂಡು ಬಂದು 1864ರಲ್ಲಿ ಬಾಂಬೆ ತಲುಪಿದರು. ಅದು ಎಂಥಾ ಕಾಲ ಅಂದ್ರೆ, ಅಮೆರಿಕದಲ್ಲಿ ಅಂತರ್ಯುದ್ಧ ನಡೀತಿತ್ತು. ಅಲ್ಲಿನ ಹತ್ತಿ ಇಂಗ್ಲೆಂಡಿಗೆ ಬರೋದು ನಿಂತಿತ್ತು. ಬಾಂಬೆಯ ಹತ್ತಿಗೆ ಚಿನ್ನದ ಬೆಲೆ. ಊರಿಗೆ ದುಡ್ಡು ಹರಿದು ಬಂತು, ಗಿರಣಿಗಳು ಎದ್ದವು. ಗಿರಣಿ ಬಂದ ಮೇಲೆ ಕೈಗಳು ಬೇಕಲ್ಲ? ಕೊಂಕಣದಿಂದ, ಘಟ್ಟದ ಮೇಲಿನಿಂದ ಜನ ಬಂದರು. ಬಂದವರಿಗೆ ಇರೋದಕ್ಕೆ ಜಾಗ ಇಲ್ಲ.

1867ರ ಏಪ್ರಿಲ್ 12ರಂದು ವಿರಾರ್‌ನಿಂದ ಬ್ಯಾಕ್‌ಬೇಗೆ ಒಂದು ರೈಲು ಶುರುವಾಯಿತು. ಬೆಳಗ್ಗೆ ಬರೋದು, ಸಂಜೆ ವಾಪಸ್. ದಿನಕ್ಕೆ ಹೋಗೋದು ಒಂದು, ಬರೋದು ಒಂದು, ಅಷ್ಟೇ. ಇವತ್ತು ದಿನಕ್ಕೆ ಸುಮಾರು ಮೂರು ಸಾವಿರ ಓಡಾಟ ಇರುವ ಮುಂಬೈ ಲೋಕಲ್‌ನ ಬೀಜ ಆ ಒಂದು ರೈಲು.

ಇಲ್ಲಿ ಒಂದು ವಿಷಯ ಗಮನಿಸಿ. ಎರಡೂ ಕಂಪನಿಯ ಹಳಿ ಉತ್ತರ-ದಕ್ಷಿಣವಾಗಿಯೇ ಓಡ್ತವೆ. ಪೂರ್ವದಿಂದ ಪಶ್ಚಿಮಕ್ಕೆ ಹೋಗಬೇಕು ಅನ್ನೋನ ಚಿಂತೆ ಯಾರಿಗೂ ಇರಲಿಲ್ಲ, ಯಾಕಂದ್ರೆ ಹತ್ತಿಗೆ ಆ ಕಡೆ ಕೆಲಸ ಇರಲಿಲ್ಲ! ಇಬ್ಬರ ಹಳಿಯೂ ಹತ್ತಿರ ಬರುವ ಮುಖ್ಯ ಜಾಗ ದಾದರ್. ಮರಾಠಿಯಲ್ಲಿ ದಾದರ್ ಅಂದ್ರೆ ಮೆಟ್ಟಿಲು. ಹೆಸರಿಗೆ ತಕ್ಕ ಹಾಗೆ ಅಲ್ಲಿ ಜನ ದಿನವಿಡೀ ಮೆಟ್ಟಿಲು ಹತ್ತಿ ಇಳಿದು ಆ ಕಡೆ ಈ ಕಡೆ ದಾಟ್ತಾನೇ ಇರ್ತಾರೆ. 1951ರಲ್ಲಿ ಎರಡೂ ಕಂಪನಿಗಳ ಹೆಸರು ಹೋಗಿ ಸೆಂಟ್ರಲ್ ರೈಲ್ವೆ, ವೆಸ್ಟರ್ನ್ ರೈಲ್ವೆ ಬಂದವು. ಆದರೆ ಗೋಡೆ ಹೋಗಲಿಲ್ಲ. ದಾದರ್‌ನಲ್ಲಿ ಎರಡು ಒಂದನೇ ನಂಬರ್ ಪ್ಲಾಟ್‌ಫಾರಂ ಇದ್ದವು, ಎರಡು ಎರಡನೇ ನಂಬರ್ ಇದ್ದವು. ಇವರದ್ದು ಇವರ ಲೆಕ್ಕ, ಅವರದ್ದು ಅವರ ಲೆಕ್ಕ. ಅದನ್ನ ಸರಿಮಾಡಿ ಒಂದರಿಂದ 14ರವರೆಗೆ ಸಾಲಾಗಿ ನಂಬರ್ ಹಾಕಿದ್ದು ಯಾವಾಗ ಗೊತ್ತಾ? 2023ರ ಡಿಸೆಂಬರ್‌ನಲ್ಲಿ!

ಮತ್ತೆ ಹಿಂದಕ್ಕೆ ಹೋಗೋಣ. 1896ರಲ್ಲಿ ಬಾಂಬೆಗೆ ಪ್ಲೇಗ್ ಬಂತು. ಗಾಳಿ ಬೆಳಕಿಲ್ಲದ ಚಾಳುಗಳಲ್ಲಿ ಜನ ಸಾಯತೊಡಗಿದಾಗ ಸರ್ಕಾರಕ್ಕೆ ಎಚ್ಚರವಾಯಿತು. 1898ರಲ್ಲಿ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಹುಟ್ಟಿತು. ಊರಿನ ಉತ್ತರಕ್ಕೆ ದಾದರ್, ಮಾಟುಂಗಾದಲ್ಲಿ ಹೊಸ ಬಡಾವಣೆಗಳು ಎದ್ದವು. ಕೆಲಸ ದಕ್ಷಿಣದ ಕೋಟೆ ಪ್ರದೇಶದಲ್ಲಿ, ಮನೆ ಉತ್ತರದಲ್ಲಿ. ನಡುವೆ ರೈಲು. ಮುಂಬೈ ಬದುಕಿನ ಅಚ್ಚು ಬಿದ್ದಿದ್ದೇ ಹೀಗೆ.

ಆ ಮಾಟುಂಗಾಕ್ಕೂ ನಮಗೂ ನಂಟಿದೆ. ಕನ್ನಡಿಗರು, ತಮಿಳರು ಬಂದು ನೆಲೆನಿಂತ ಜಾಗ ಅದು. ಮೈಸೂರು ಅಸೋಸಿಯೇಷನ್ ಇರೋದು ಅಲ್ಲೇ. 1942ರಲ್ಲಿ ಎ. ರಾಮ ನಾಯಕ್ ಅವರು ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ತೆರೆದಿದ್ದು ಮಾಟುಂಗಾ ಸ್ಟೇಷನ್ ಪಕ್ಕದಲ್ಲೇ. ಮನೆ ಬಿಟ್ಟು ಬಂದ ಕೆಲಸಗಾರನಿಗೆ ರೈಲಿಳಿದ ತಕ್ಷಣ ಬಾಳೆಎಲೆ ಊಟ. ಹೋಟೆಲ್ ಎಲ್ಲಿ ಹಾಕಬೇಕು ಅಂತ ನಮ್ಮ ಕರಾವಳಿಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ ಬಿಡಿ.

ಆಮೇಲೆ ಬಂತು ಕರೆಂಟು. 1925ರ ಫೆಬ್ರವರಿ 3ರಂದು ವಿಕ್ಟೋರಿಯಾ ಟರ್ಮಿನಸ್‌ನಿಂದ ಕುರ್ಲಾಕ್ಕೆ, ಹಾರ್ಬರ್ ಮಾರ್ಗದಲ್ಲಿ, ದೇಶದ ಮೊದಲ ವಿದ್ಯುತ್ ರೈಲು ಓಡಿತು. 1928ರ ಜನವರಿಯಲ್ಲಿ ಪಶ್ಚಿಮದಲ್ಲಿ ಕೊಲಾಬಾದಿಂದ ಬೋರಿವಲಿಗೆ. ಹಬೆ ಎಂಜಿನ್ ನಿಂತು ಹೊರಡೋದಕ್ಕೆ ಹೊತ್ತು ಬೇಕು. ವಿದ್ಯುತ್ ರೈಲು ಹಾಗಲ್ಲ, ನಿಂತ ಕೂಡಲೇ ಎದ್ದು ಓಡುತ್ತೆ. ಹಾಗಾಗಿ ಹತ್ತಿರ ಹತ್ತಿರ ಸ್ಟೇಷನ್ ಇಡಬಹುದು, ಒಂದರ ಹಿಂದೆ ಒಂದು ರೈಲು ಬಿಡಬಹುದು. ಕೆಲವು ರೈಲು ಎಲ್ಲಾ ಕಡೆ ನಿಲ್ಲೋ ‘ಸ್ಲೋ’, ಕೆಲವು ದೊಡ್ಡ ಸ್ಟೇಷನ್ನಿನಲ್ಲಿ ಮಾತ್ರ ನಿಲ್ಲೋ ‘ಫಾಸ್ಟ್’. ನಾಲ್ಕು ಬೋಗಿಯಲ್ಲಿ ಶುರುವಾಗಿದ್ದು ಒಂಬತ್ತಾಯಿತು, 12 ಆಯಿತು, ಈಗ 15ರ ರೈಲೂ ಇದೆ. ಆದರೆ ಬೋಗಿ ಸೇರಿಸುವ ಹೊತ್ತಿಗೆ ಜನ ಅದಕ್ಕಿಂತ ಜಾಸ್ತಿ ಸೇರಿರ್ತಾರೆ.

ಇವತ್ತಿನ ಮಾರ್ಗ ಹೀಗಿದೆ ನೋಡಿ. ಪಶ್ಚಿಮದಲ್ಲಿ ಚರ್ಚ್‌ಗೇಟ್‌ನಿಂದ ಬಾಂದ್ರಾ, ಅಂಧೇರಿ, ಬೋರಿವಲಿ ದಾಟಿ ವಿರಾರ್‌ಗೆ 60 ಕಿಲೋಮೀಟರ್. ಅಲ್ಲಿಂದ ಮುಂದೆ ದಹಾಣು ರೋಡ್‌ವರೆಗೂ ಲೋಕಲ್ ಹೋಗುತ್ತೆ. ಸೆಂಟ್ರಲ್‌ನಲ್ಲಿ ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್‌ನಿಂದ, ಅಂದ್ರೆ ಹಳೇ ವಿಕ್ಟೋರಿಯಾ ಟರ್ಮಿನಸ್‌ನಿಂದ, ಠಾಣೆ, ಡೊಂಬಿವಲಿ, ಕಲ್ಯಾಣ್. ಅಲ್ಲಿ ಕವಲು: ಒಂದು ಕಸಾರಾ, ಒಂದು ಕರ್ಜತ್-ಖೋಪೋಲಿ. ಮೂರನೆಯದು ಹಾರ್ಬರ್. ಒಂದು ಕೈ ಗೋರೆಗಾಂವ್ ಕಡೆ, ಇನ್ನೊಂದು ಕೈ ಖಾಡಿ ದಾಟಿ ವಾಶಿ, ಪನ್ವೇಲ್. ಠಾಣೆಯಿಂದ ನೇರ ನವಿ ಮುಂಬೈಗೆ 2004ರಲ್ಲಿ ಟ್ರಾನ್ಸ್-ಹಾರ್ಬರ್ ಬಂತು. 2024ರ ಜನವರಿಯಲ್ಲಿ ಉರಣ್‌ವರೆಗೂ ರೈಲು ಹೋಯಿತು.

ಇದರಲ್ಲಿ ನವಿ ಮುಂಬೈ ಕಥೆ ಕೇಳಿ. ಮುಂಬೈ ಉಸಿರುಗಟ್ಟುತ್ತಿದೆ, ಖಾಡಿಯ ಆಚೆ ಹೊಸ ನಗರ ಕಟ್ಟೋಣ ಅಂತ ಸಿಡ್ಕೋ ಸಂಸ್ಥೆ ಮಾಡಿದ್ದು 1970ರಲ್ಲಿ. ಸೇತುವೆಯ ಮೇಲೆ ವಾಶಿಗೆ ಲೋಕಲ್ ಹೋಗಿದ್ದು 1992ರಲ್ಲಿ. 22 ವರ್ಷ! ಹತ್ತಿಗೋಸ್ಕರ ಸಹ್ಯಾದ್ರಿಯನ್ನೇ ಕಡಿದು 1863ರಲ್ಲಿ, ಮೊದಲ ರೈಲು ಓಡಿದ ಹತ್ತೇ ವರ್ಷಕ್ಕೆ, ಭೋರ್ ಘಾಟ್ ಹತ್ತಿದರು. ಜನರಿಗೋಸ್ಕರ ಒಂದು ಖಾಡಿ ದಾಟೋದಕ್ಕೆ 22 ವರ್ಷ ಬೇಕಾಯಿತು.

ನಾನು ಈ ಕೆಲಸಕ್ಕೆ ಬಂದ ಹೊಸತರಲ್ಲಿ ಮುಂಬೈಗೆ ಹೋಗಿದ್ದೆ. ಡೊಂಬಿವಲಿಯಲ್ಲಿ ಕುಂದಾಪುರ ಕಡೆಯ ಹೋಟೆಲಿನವರೊಬ್ಬರ ಮನೆಯಲ್ಲಿ ಇಳಿದುಕೊಂಡಿದ್ದೆ. ಬೆಳಗ್ಗೆ ನನ್ನನ್ನ ಸ್ಟೇಷನ್ನಿಗೆ ಕರೆದುಕೊಂಡು ಹೋದವರು ದಾರಿಯುದ್ದಕ್ಕೂ ಪಾಠ ಹೇಳಿದರು. ‘ಮಾರಾಯ್ರೆ, ಇಳಿಯುವ ಸ್ಟೇಷನ್ ಬಂದ ಮೇಲೆ ಏಳುವುದಲ್ಲ, ಅದಕ್ಕೆ ಎರಡು ಸ್ಟೇಷನ್ ಮೊದಲೇ ಬಾಗಿಲ ಹತ್ತಿರ ಬರಬೇಕು. ಇಲ್ಲದಿದ್ದರೆ ನೀವು ಇಳಿಯುವುದಿಲ್ಲ, ಜನ ನಿಮ್ಮನ್ನು ಮುಂದಕ್ಕೆ ಕೊಂಡುಹೋಗ್ತಾರೆ’ ಅಂದರು. ಅಲ್ಲಿ ರೈಲಿಗೆ ಹೆಸರಿಲ್ಲ, ನಿಮಿಷವೇ ಹೆಸರು. ‘ನಂದು 8.14’, ‘ನಂದು 8.22’ ಅಂತಾರೆ. ಅವರು ಹೇಳಿದ ಇನ್ನೊಂದು ಮಾತು ನನಗೆ ಇವತ್ತಿಗೂ ನೆನಪಿದೆ. ‘ಇಲ್ಲಿ ಜನ ಮನೆ ನೋಡಿ ರೈಲು ಹಿಡಿಯುವುದಲ್ಲ. ರೈಲು ನೋಡಿ ಮನೆ ಹಿಡಿಯುವುದು.’

ಓಡುವ ರೈಲಿನ ಬಾಗಿಲಿಂದ ಗುರುತೇ ಇಲ್ಲದ ಕೈಯೊಂದು ಚಾಚಿ ನಿಮ್ಮನ್ನ ಒಳಗೆ ಎಳೆದುಕೊಳ್ಳುತ್ತೆ. ನಿಮ್ಮ ಹೆಸರು, ಜಾತಿ, ಊರು ಯಾರೂ ಕೇಳಲ್ಲ. ಮೂರು ಜನರ ಸೀಟಿನ ತುದಿಯಲ್ಲಿ ನಾಲ್ಕನೆಯವನಿಗೂ ಜಾಗ ಮಾಡ್ತಾರೆ. 1992ರಲ್ಲಿ ಚರ್ಚ್‌ಗೇಟ್-ಬೋರಿವಲಿ ನಡುವೆ ಮಹಿಳೆಯರಿಗೇ ಅಂತ ಇಡೀ ರೈಲು ಬಿಟ್ಟರು. ಆ ಬೋಗಿಗಳಲ್ಲಿ ಸೊಪ್ಪು ಬಿಡಿಸಿಕೊಂಡು, ಹಬ್ಬ ಮಾಡಿಕೊಂಡು ಲಕ್ಷಾಂತರ ಹೆಣ್ಣುಮಕ್ಕಳು ದುಡಿದು ಮನೆ ನಿಲ್ಲಿಸಿದ್ದಾರೆ.

ಆದರೆ ಇದರ ಬೆಲೆ? ಮುಂಬೈ ಲೋಕಲ್ ಹಳಿಗಳ ಮೇಲೆ ವರ್ಷಕ್ಕೆ ಎರಡು ಸಾವಿರಕ್ಕೂ ಹೆಚ್ಚು ಜನ ಸಾಯ್ತಾರೆ. ಹಳಿ ದಾಟುವಾಗ, ಬಾಗಿಲಿಂದ ಜಾರಿ ಬಿದ್ದು. ದಿನಕ್ಕೆ ಐದಾರು ಹೆಣ. 2017ರ ಸೆಪ್ಟೆಂಬರ್ 29ರಂದು ಎಲ್ಫಿನ್‌ಸ್ಟನ್ ರೋಡ್ ಸ್ಟೇಷನ್ನಿನ ಕಿರಿದಾದ ಕಾಲುಸೇತುವೆಯಲ್ಲಿ ನೂಕುನುಗ್ಗಲಾಗಿ 23 ಜನ ಸತ್ತರು. ಸುತ್ತಮುತ್ತ ಇದ್ದ ಗಿರಣಿಗಳು ಮುಚ್ಚಿ ಗಾಜಿನ ಆಫೀಸುಗಳು ಎದ್ದಿದ್ದವು, ಸೇತುವೆ ಮಾತ್ರ ಹಳೇ ಅಳತೆಯದ್ದೇ. 2025ರ ಜೂನ್‌ನಲ್ಲಿ ಮುಂಬ್ರಾ ಹತ್ತಿರ ಬಾಗಿಲಲ್ಲಿ ನೇತಾಡುತ್ತಿದ್ದವರು ಓಡುವ ರೈಲಿಂದ ಬಿದ್ದು ಸತ್ತರು. ಆಮೇಲೆ, ಹೊಸ ಸಾಮಾನ್ಯ ಲೋಕಲ್‌ಗಳಿಗೂ ತಾನೇ ಮುಚ್ಚಿಕೊಳ್ಳುವ ಬಾಗಿಲು ಬರುತ್ತೆ ಅಂತ ಘೋಷಣೆ ಆಯಿತು.

2006ರ ಜುಲೈ 11ರ ಸಂಜೆ ಏಳು ಬಾಂಬ್ ಸಿಡಿದು 180ಕ್ಕೂ ಹೆಚ್ಚು ಮಂದಿ ಸತ್ತರು. ಮಾರನೇ ದಿನ ಬೆಳಗ್ಗೆ ಮುಂಬೈ ಮತ್ತೆ ಅದೇ ರೈಲು ಹತ್ತಿತು. ನಾವು ಟಿವಿಯವರೆಲ್ಲ ಸೇರಿ ‘ಸ್ಪಿರಿಟ್ ಆಫ್ ಮುಂಬೈ’ ಅಂದೆವು. ಇವತ್ತು ಒಪ್ಪಿಕೊಳ್ತೀನಿ, ಆ ಮಾತು ಅರ್ಧ ಸತ್ಯ. ಅವನು ಧೈರ್ಯಕ್ಕೆ ರೈಲು ಹತ್ತಲಿಲ್ಲ. ಹತ್ತದಿದ್ದರೆ ಆ ದಿನದ ಸಂಬಳ ಇಲ್ಲ. ಬೇರೆ ದಾರಿ ಇಲ್ಲದವನ ಅಸಹಾಯಕತೆಗೆ ನಾವು ಚಪ್ಪಾಳೆ ತಟ್ಟಿದೆವು. ಆ ಚಪ್ಪಾಳೆಯ ಸದ್ದಲ್ಲಿ ಕೇಳಬೇಕಾದ ಪ್ರಶ್ನೆ ಮುಚ್ಚಿಹೋಯಿತು.

ಇಷ್ಟೆಲ್ಲ ಯಾಕೆ ಹೇಳ್ತಿದ್ದೀನಿ? ಬೆಂಗಳೂರಿಗೆ ರೈಲು ಬಂದಿದ್ದು 1864ರಲ್ಲಿ. ಬಾಂಬೆಗಿಂತ ಹನ್ನೊಂದೇ ವರ್ಷ ಹಿಂದೆ. ನಮ್ಮ ಉಪನಗರ ರೈಲಿಗೆ ಕೇಂದ್ರ ಸಂಪುಟದ ಒಪ್ಪಿಗೆ ಸಿಕ್ಕಿದ್ದು 2020ರ ಅಕ್ಟೋಬರ್‌ನಲ್ಲಿ! ನಾಲ್ಕು ಮಾರ್ಗ, 148 ಕಿಲೋಮೀಟರ್. ಹೆಸರುಗಳೇನೋ ಘಮಘಮ ಅಂತವೆ: ಸಂಪಿಗೆ, ಮಲ್ಲಿಗೆ, ಪಾರಿಜಾತ, ಕನಕ. ದೇವನಹಳ್ಳಿಗೆ ಸಂಪಿಗೆ, ಬೈಯಪ್ಪನಹಳ್ಳಿಯಿಂದ ಚಿಕ್ಕಬಾಣಾವರಕ್ಕೆ ಮಲ್ಲಿಗೆ, ಕೆಂಗೇರಿಯಿಂದ ವೈಟ್‌ಫೀಲ್ಡ್‌ಗೆ ಪಾರಿಜಾತ, ಹೀಲಲಿಗೆಯಿಂದ ರಾಜಾನುಕುಂಟೆಗೆ ಕನಕ. 2022ರ ಜೂನ್‌ನಲ್ಲಿ ಪ್ರಧಾನಿ ಶಂಕುಸ್ಥಾಪನೆ ಮಾಡಿದರು. 40 ತಿಂಗಳು ಅಂದರು. ಆ 40 ತಿಂಗಳು 2025ರ ಅಕ್ಟೋಬರ್‌ಗೆ ಮುಗಿದವು. ಅಷ್ಟರಲ್ಲಿ ಈ ನಾಲ್ಕು ಹೂವಿನಲ್ಲಿ ಒಂದೂ ಅರಳಲಿಲ್ಲ.

ಮುಂಬೈನಲ್ಲಿ ಮೊದಲು ಹಳಿ ಬಂತು, ಹಳಿಯ ಗುಂಟ ಊರು ಬೆಳೀತು. ಹತ್ತಿಗೆ ಹಾಕಿದ ಹಳಿಯೇ ಆದರೂ ಬಡವನಿಗೆ ಒಂದು ದಾರಿ ಸಿಕ್ಕಿತು. ಅಗ್ಗದ ಪಾಸ್ ಹಿಡಿದು ಅವನು 50 ಕಿಲೋಮೀಟರ್ ದೂರದಿಂದ ಬಂದು ದುಡಿದು ವಾಪಸ್ ಹೋಗಬಲ್ಲ. ಬೆಂಗಳೂರಲ್ಲಿ ಮೊದಲು ಊರು ಬೆಳೀತು, ಸೈಟಿನ ರೇಟು ಬೆಳೀತು, ಹಳಿ ಇನ್ನೂ ಬರ್ತಾನೇ ಇದೆ. ಕೆಲವು ಮೆಮು ರೈಲು ಓಡ್ತವೆ, ಇಲ್ಲ ಅನ್ನಲ್ಲ. ಆದರೆ ಅದನ್ನ ನಂಬಿಕೊಂಡು ‘ನಂದು 8.14’ ಅಂತ ಹೇಳೋ ಹಾಗಿದೆಯಾ?

ಮೆಟ್ರೋ ಬೇಕು, ಸುರಂಗ ರಸ್ತೆ ಬೇಕು ಅಂತ ವಾದ ಮಾಡೋರು ಮಾಡಲಿ. ನನ್ನದು ಒಂದೇ ಪ್ರಶ್ನೆ. ಬಿಡದಿಯಿಂದ, ದೊಡ್ಡಬಳ್ಳಾಪುರದಿಂದ, ಮಾಲೂರಿನಿಂದ ಬೆಳಗ್ಗೆ ಆರು ಗಂಟೆಗೆ ಮನೆ ಬಿಡೋ ಗಾರ್ಮೆಂಟ್ಸ್ ಹೆಣ್ಣುಮಗಳು ಯಾವ ಹಳಿಯನ್ನ ನೋಡಿ ಮನೆ ಹಿಡಿಯಬೇಕು? 1867ರಲ್ಲಿ ವಿರಾರ್‌ನವನಿಗೆ ಕೊನೇಪಕ್ಷ ಒಂದು ರೈಲಿತ್ತು. ಸಂಜೆ ಅದೇ ರೈಲು ವಾಪಸ್ ಕರೆದುಕೊಂಡು ಹೋಗುತ್ತೆ ಅನ್ನೋ ಭರವಸೆ ಇತ್ತು. ಅಷ್ಟನ್ನಾದರೂ ನಮ್ಮವರಿಗೆ ಕೊಡಿ ಅಂತ ಕೇಳೋದು ದೊಡ್ಡ ಮಾತೇನಲ್ಲ.