ತೊಟ್ಟಿ ತುಂಬುವ ಅವಸರ

ದೊಡ್ಡ ಬಾತ್‌ಟಬ್ ಒಂದಕ್ಕೆ ಸುಮಾರು 300 ಲೀಟರ್ ನೀರು ಬೇಕು. ನಿಮಿಷಕ್ಕೆ 10 ಲೀಟರ್ ಕೊಡುವ ನಲ್ಲಿಯಿಂದ ಅದು ತುಂಬಲು ಅರ್ಧ ಗಂಟೆ ಹಿಡಿಯುತ್ತದೆ. ಅಷ್ಟರಲ್ಲಿ ಮೊದಲು ಬಿದ್ದ ಬಿಸಿನೀರು ತಣ್ಣಗಾಗಿರುತ್ತದೆ. ಪ್ಲಂಬರ್‌ನನ್ನು ಕೇಳಿದರೆ ಅವನ ಉತ್ತರ ಸರಳ: ಅರ್ಧ ಇಂಚಿನ ಪೈಪು ಕಿತ್ತು ಮುಕ್ಕಾಲು ಇಂಚಿನದನ್ನು ಹಾಕಿ, ಟ್ಯಾಂಕನ್ನು ಎತ್ತರಿಸಿ, ಇಲ್ಲವೇ ಪಂಪು ಕೂರಿಸಿ. ಅವನ ಲೆಕ್ಕ ಸರಿಯೇ. ವ್ಯಾಸ ಒಂದೂವರೆ ಪಟ್ಟಾದರೆ ಪೈಪಿನ ಬಾಯಿ ಎರಡೂಕಾಲು ಪಟ್ಟಾಗುತ್ತದೆ. ಘರ್ಷಣೆಯೂ ತಗ್ಗುವುದರಿಂದ ನೀರು ಅದಕ್ಕಿಂತಲೂ ಹೆಚ್ಚು ಹರಿಯುತ್ತದೆ. ಆದರೆ ಆ ಹೆಚ್ಚಿನ ನೀರು ಎಲ್ಲಿಂದ ಬಂತು, ಯಾರ ಪಾಲಿನಿಂದ ಬಂತು ಎಂಬ ಪ್ರಶ್ನೆಗೆ ಪ್ಲಂಬರ್‌ನಲ್ಲಿ ಉತ್ತರವಿಲ್ಲ. ಅದನ್ನು ನಾವು ಚರಿತ್ರೆಯನ್ನೇ ಕೇಳಬೇಕಾಗಿದೆ.

ಸ್ನಾನದ ಹುಚ್ಚಿಗೆ ಹೆಸರಾದ ನಗರ ರೋಮ್. ಕ್ರಿ.ಶ. 97ರಲ್ಲಿ ಚಕ್ರವರ್ತಿ ನರ್ವಾ ಅಲ್ಲಿನ ನೀರು ಸರಬರಾಜಿನ ಹೊಣೆಯನ್ನು ಫ್ರಂಟೈನಸ್ ಎಂಬ ಹಿರಿಯ ಅಧಿಕಾರಿಗೆ ವಹಿಸಿದ. ಆಗ ಒಂಬತ್ತು ಮೇಲ್ಗಾಲುವೆಗಳು ನಗರಕ್ಕೆ ನೀರು ತರುತ್ತಿದ್ದವು. ಖಾಸಗಿ ಮನೆಗೆ ನೀರು ಬೇಕಾದರೆ ಚಕ್ರವರ್ತಿಯ ಅನುಮತಿ ಪತ್ರ ಬೇಕಿತ್ತು. ಪತ್ರದಲ್ಲಿ ಹೇಳಿದ ಅಳತೆಯ ಕಂಚಿನ ಮೂತಿಯೊಂದನ್ನು ಮುದ್ರೆಯೊತ್ತಿ ಜಲಾಗಾರದ ಗೋಡೆಗೆ ಕೂರಿಸುತ್ತಿದ್ದರು. ಸೀಸವನ್ನು ಬಗ್ಗಿಸಿ ಹಿಗ್ಗಿಸುವುದು ಸುಲಭ, ಕಂಚನ್ನು ಹಾಗೆ ಮಾಡಲಾಗದು ಎಂಬುದೇ ಅದರ ಮರ್ಮ. ಮೂತಿಯ ನಂತರದ ಐವತ್ತು ಅಡಿಯವರೆಗೂ ಪೈಪು ಅದೇ ಅಳತೆಯದ್ದಾಗಿರಬೇಕೆಂದು ಸೆನೆಟ್ ನಿರ್ಣಯಿಸಿತ್ತು. ಮೂತಿಯ ಬೆನ್ನಿಗೇ ಅಗಲವಾದ ಪೈಪು ಜೋಡಿಸಿದರೆ ನೀರು ಹೆಚ್ಚು ಸೆಳೆಯುತ್ತದೆ ಎಂಬುದು ರೋಮಿನವರಿಗೆ ಅನುಭವದಿಂದ ಗೊತ್ತಿತ್ತು. ಇಟಲಿಯ ವೆಂಚುರಿ 1797ರಲ್ಲಿ ಪ್ರಕಟಿಸಿದ ಪ್ರಯೋಗಗಳು ಇದನ್ನೇ ವಿಜ್ಞಾನವಾಗಿಸಿದವು.

ಫ್ರಂಟೈನಸ್ ತಪಾಸಣೆಗಿಳಿದಾಗ ಕಂಡದ್ದೇನು? ಪತ್ರದಲ್ಲಿದ್ದುದಕ್ಕಿಂತ ದೊಡ್ಡ ಮೂತಿಗಳು, ಮುದ್ರೆಯೇ ಇಲ್ಲದ ಮೂತಿಗಳು, ಹೆಚ್ಚು ಒತ್ತಡ ಸಿಗಲೆಂದು ಕೆಳಗಿಳಿಸಿ ಕೂರಿಸಿದ ಮೂತಿಗಳು. ರಸ್ತೆಗಳ ಅಡಿಯಲ್ಲಿ ಗುಪ್ತವಾಗಿ ಕೊರೆದು ಎಳೆದ ಪೈಪುಗಳು ಎಷ್ಟಿದ್ದವೆಂದರೆ ಅವನ್ನು ಕಿತ್ತಾಗ ಸೀಸವೇ ದೊಡ್ಡ ಪ್ರಮಾಣದಲ್ಲಿ ದೊರೆಯಿತು. ಲಂಚಕ್ಕೆ ಕೈಯೊಡ್ಡಿದ ನೀರುಗಂಟಿಗಳನ್ನೂ ಅವನು ಬಿಡದೆ ದಾಖಲಿಸಿದ್ದಾನೆ. ಸಾವಿರದ ಒಂಬೈನೂರು ವರ್ಷಗಳ ಹಿಂದಿನ ಈ ವರದಿಯನ್ನು ಓದುವಾಗ ನಮ್ಮದೇ ಊರಿನ ಬೀದಿ ಕಣ್ಣೆದುರು ಬರುವುದಿಲ್ಲವೇ?

ರೋಮಿನಲ್ಲಿ ನ್ಯಾಯದ ಕಲ್ಪನೆಯೇ ಇರಲಿಲ್ಲವೆಂದಲ್ಲ. ವಾಸ್ತುಗ್ರಂಥ ಬರೆದ ವಿಟ್ರೂವಿಯಸ್ ಮೂರು ಪಾಲಿನ ತೊಟ್ಟಿಯೊಂದನ್ನು ವಿವರಿಸುತ್ತಾನೆ: ಒಂದು ಪಾಲು ಸಾರ್ವಜನಿಕ ಕಾರಂಜಿಗಳಿಗೆ, ಇನ್ನೊಂದು ಸ್ನಾನಗೃಹಗಳಿಗೆ, ಮತ್ತೊಂದು ಖಾಸಗಿ ಮನೆಗಳಿಗೆ. ಅಕ್ಕಪಕ್ಕದ ಎರಡು ಪಾಲು ತುಂಬಿ ಉಕ್ಕಿದ್ದು ನಡುವಿನ ಸಾರ್ವಜನಿಕ ಪಾಲಿಗೇ ಹರಿಯಬೇಕು. ಕ್ರಿ.ಶ. 216ರಲ್ಲಿ ತೆರೆದ ಕರಕಲ್ಲಾನ ಬೃಹತ್ ಸ್ನಾನಗೃಹಕ್ಕೆ ಬೇರೆಯೇ ಕಾಲುವೆಯ ಕವಲೊಂದನ್ನು ತರಲಾಯಿತು. ಹಿಂಬದಿಯಲ್ಲಿ ಭಾರಿ ಜಲಾಗಾರ ಕಟ್ಟಿ ನೀರು ಕೂಡಿಡಲಾಯಿತು. ಹನಿಹನಿಯಾಗಿ ಕೂಡಿಟ್ಟು ಬೇಕಾದಾಗ ರಭಸವಾಗಿ ಬಿಡುವ ಈ ಉಪಾಯ ನಮ್ಮ ಮಹಡಿಯ ಮೇಲಿನ ಟ್ಯಾಂಕಿನ ಮುತ್ತಜ್ಜ.

ಸ್ನಾನಗೃಹದ ಪರಂಪರೆಯನ್ನು ಮುಸ್ಲಿಮ್ ನಾಗರಿಕತೆ ಮುಂದುವರಿಸಿತು, ಆದರೆ ಒಂದು ಬದಲಾವಣೆಯೊಂದಿಗೆ. ಹಮ್ಮಾಮ್‌ಗಳಲ್ಲಿ ನಿಂತ ನೀರಿನಲ್ಲಿ ಮುಳುಗಿ ಕೂರುವುದಕ್ಕಿಂತ ಪುಟ್ಟ ಕಲ್ಲುಬಾನಿಯಿಂದ ಬೋಗುಣಿಯಲ್ಲಿ ಮೊಗೆದು ಮೈಮೇಲೆ ಸುರಿದುಕೊಳ್ಳುವುದೇ ರೂಢಿಯಾಯಿತು. ಇಸ್ತಾಂಬುಲ್‌ನಲ್ಲಿ ಸುಲ್ತಾನ್ ಸುಲೈಮಾನರ ಕಾಲದಲ್ಲಿ ವಾಸ್ತುಶಿಲ್ಪಿ ಸಿನಾನ್ ಕಿರ್ಕ್‌ಚೆಶ್ಮೆ ಎಂಬ ದೊಡ್ಡ ಜಲವ್ಯವಸ್ಥೆ ನಿರ್ಮಿಸಿದರು. ಅಲ್ಲಿ ನೀರಿನ ಅಳತೆ 'ಲೂಲೆ'. ಒಂದು ಲೂಲೆ ಎಂದರೆ ನಿಮಿಷಕ್ಕೆ ಸುಮಾರು 36 ಲೀಟರ್. ಅದರ ಎಂಟನೆಯ ಒಂದು ಭಾಗ 'ಮಸೂರ'. ಹಂಚಿಕೆಯ ತೊಟ್ಟಿಯಲ್ಲಿ ನೀರಿನ ಮಟ್ಟವನ್ನು ಒಂದೇ ಎತ್ತರದಲ್ಲಿ ಕಾಯ್ದುಕೊಂಡು ಅಳತೆಯ ಮೂತಿಗಳ ಮೂಲಕ ಬಿಡುತ್ತಿದ್ದರು. ಎತ್ತರ ಬದಲಾಗದಿದ್ದರೆ ಪಾಲೂ ಬದಲಾಗದು.

ಇದಕ್ಕೆ ದೂರದ ಇಸ್ತಾಂಬುಲ್‌ಗೇ ಹೋಗಬೇಕಾಗಿಲ್ಲ. ನಮ್ಮ ಬಿಜಾಪುರದ, ಈಗಿನ ವಿಜಯಪುರದ, ಆದಿಲ್‌ಶಾಹಿಗಳು ತೊರವಿಯಿಂದಲೂ ಬೇಗಂ ತಾಲಾಬಿನಿಂದಲೂ ನಗರಕ್ಕೆ ನೀರು ತಂದರು. ಮುಹಮ್ಮದ್ ಆದಿಲ್ ಶಾಹ್ 1651ರಲ್ಲಿ ಕಟ್ಟಿಸಿದ ಬೇಗಂ ತಾಲಾಬಿನ ನೀರು ಗಾರೆಯಲ್ಲಿ ಹುದುಗಿಸಿದ ಮಣ್ಣಿನ ಕೊಳವೆಗಳಲ್ಲಿ ನೆಲದಡಿ ಹರಿಯುತ್ತಿತ್ತು. ದಾರಿಯುದ್ದಕ್ಕೂ 'ಗಂಜ್' ಎಂಬ ಗೋಪುರಗಳು. 25ರಿಂದ 40 ಅಡಿ ಎತ್ತರದ ಇವು ಕೊಳವೆಯ ಒತ್ತಡವನ್ನು ತಗ್ಗಿಸಿ ಮಣ್ಣಿನ ಪೈಪು ಒಡೆಯದಂತೆ ಕಾಯುತ್ತಿದ್ದವು. ಇಂದು ಒತ್ತಡ ಹೆಚ್ಚಿಸಲು ನಾವು ದುಡ್ಡು ಸುರಿಯುತ್ತೇವೆ, ಅಂದು ಅದನ್ನು ಹದದಲ್ಲಿಡಲು ಗೋಪುರ ಕಟ್ಟಿದರು. ಅರಮನೆಗಳಿಗೂ ಕಾರಂಜಿಗಳಿಗೂ ನೀರು ಹೋಯಿತೆಂಬುದು ನಿಜ. ಆದರೆ ನಗರದ ನಡುವೆ ತಾಜ್ ಬಾವಡಿಯಂತಹ ಸಾರ್ವಜನಿಕ ಬಾವಿಗಳೂ ಇದ್ದವೆಂಬುದನ್ನು ಮರೆಯಬಾರದು.

ಈಗ ನಮ್ಮ ಕಾಲಕ್ಕೆ ಬರೋಣ. ನಗರವಾಸಿಯೊಬ್ಬನಿಗೆ ದಿನಕ್ಕೆ 135 ಲೀಟರ್ ಎಂಬುದು ನಮ್ಮ ಸರಕಾರದ ಮಾನದಂಡ. ಬಾತ್‌ಟಬ್‌ನ ಒಂದು ಸ್ನಾನ ಇಬ್ಬರ ದಿನದ ಪಾಲನ್ನು ಮೀರುತ್ತದೆ. ತನ್ನ ಟ್ಯಾಂಕಿನಿಂದ ಕೆಳಗೆ ದಪ್ಪ ಪೈಪು ಹಾಕಿಕೊಂಡರೆ ನೆರೆಯವನಿಗೆ ಕೂಡಲೇ ನಷ್ಟವಿಲ್ಲ. ಆದರೆ ಟ್ಯಾಂಕು ಬೇಗ ಬರಿದಾಗುತ್ತದೆ, ಬರಿದಾದದ್ದನ್ನು ಬೇಗ ತುಂಬಿಸಲು ಕೆಲವರು ಬೀದಿಯ ಪೈಪಿಗೇ ನೇರವಾಗಿ ಮೋಟಾರು ಹಚ್ಚುತ್ತಾರೆ. ಆಗ ಬೀದಿಯ ಕೊನೆಯ ಮನೆಯ ಹೆಣ್ಣುಮಗಳು ಕೊಡ ಹಿಡಿದು ಕಾಯುತ್ತಾಳೆ. ಅವಳ ನಲ್ಲಿಯಿಂದ ಗಾಳಿ ಮಾತ್ರ ಬರುತ್ತದೆ. ಸೋರುವ ಪೈಪಿನಲ್ಲಿ ಹೀಗೆ ಎಳೆತ ಬಿದ್ದರೆ ಚರಂಡಿಯ ಕೊಳೆಯೂ ಒಳಸೇರಬಹುದು. 2024ರ ಬೇಸಿಗೆಯಲ್ಲಿ ಬೆಂಗಳೂರಿನಲ್ಲಿ ಕುಡಿಯುವ ನೀರಿನಿಂದ ಕಾರು ತೊಳೆದರೆ ದಂಡ ಹಾಕುವ ಸ್ಥಿತಿ ಬಂದುದನ್ನು ನಾವು ಕಂಡಿದ್ದೇವೆ.

ಪ್ರವಾದಿ ಮುಹಮ್ಮದ್(ಸ)ರು ಒಂದು 'ಮುದ್ದ್' ನೀರಿನಲ್ಲಿ ವುಝೂ ಮಾಡುತ್ತಿದ್ದರು, ಒಂದು 'ಸಾಅ್' ಅಥವಾ ಅದಕ್ಕಿಂತ ತುಸು ಹೆಚ್ಚು ನೀರಿನಲ್ಲಿ ಸ್ನಾನ ಮುಗಿಸುತ್ತಿದ್ದರು ಎಂದು ಹದೀಸ್‌ಗಳು ತಿಳಿಸುತ್ತವೆ. ನಮ್ಮ ಅಳತೆಯಲ್ಲಿ ಒಂದು ಸಾಅ್ ಎಂದರೆ ಸುಮಾರು ಮೂರು ಲೀಟರ್. ಮೂರು ಲೀಟರಿನಲ್ಲೇ ಮೀಯಿರಿ ಎಂದು ಯಾರನ್ನೂ ಒತ್ತಾಯಿಸುವುದು ನಮ್ಮ ಉದ್ದೇಶವಲ್ಲ. ರೋಗಿಗೆ, ಮಂಡಿನೋವಿನ ವೃದ್ಧರಿಗೆ ತೊಟ್ಟಿಯ ಬಿಸಿನೀರು ಹಿತವಾದೀತು. ಅಂಥ ಮನೆಯಲ್ಲಿ ಪೈಪು ದೊಡ್ಡದಾಗಲಿ. ಆದರೆ ಪೈಪು ಬದಲಿಸುವ ಮುನ್ನ ಬೀದಿಯ ಕೊನೆಯ ಮನೆಗೂ ನೀರು ತಲುಪುತ್ತಿದೆಯೇ ಎಂದು ಹೋಗಿ ವಿಚಾರಿಸುವುದು ನೆರೆಹೊರೆಯ ಹಕ್ಕಿಗೆ ಸೇರಿದ ವಿಷಯ.